ಉಗ್ರಾಣಿ ಕುಶಾಲಪ್ಪ ತೋರಿಸಿದ ಗಡಿಕಲ್ಲು

ಉಗ್ರಾಣಿ ಎಂದರೆ ಯಾರು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಪಟೇಲರು ಕೂತಲ್ಲಿಂದ ಏಳದೆ ಊರು ನೋಡಿಕೊಳ್ಳುತ್ತಿದ್ದ ಕಾಲ ಅದು. ಅವರ ಕೈಕಾಲೆಲ್ಲ ಉಗ್ರಾಣಿಯೇ. ನೋಟೀಸು ಮುಟ್ಟಿಸುವವ ಅವನು, ತೀರ್ವೆ ಬಾಕಿ ಎಂದು ಮನೆಮನೆಯ ಅಂಗಳದಲ್ಲಿ ನಿಂತು ಬೈಸಿಕೊಳ್ಳುವವ ಅವನು, ಸರ್ವೆಯವರು ಬಂದರೆ ಅಳತೆಯ ಸರಪಳಿ ಹಿಡಿದುಕೊಂಡು ಮುಳ್ಳುಕಂಟಿಯೊಳಗೆ ಮೊದಲು ನುಗ್ಗುವವನೂ ಅವನೇ. ವೇಣೂರಿನಿಂದ ಮೂರು ಮೈಲು ಮೇಲಿನ ನೇರೋಳು ಗ್ರಾಮದಲ್ಲಿ ಕುಶಾಲಪ್ಪ ಈ ಕೆಲಸವನ್ನು ಹದಿನೆಂಟು ವರ್ಷ ಮಾಡಿದ. ಕೆಟ್ಟವನೇನಲ್ಲ. ಕಳ್ಳು ಕುಡಿಯುತ್ತಿರಲಿಲ್ಲ, ಲಂಚ ಕೇಳುತ್ತಿರಲಿಲ್ಲ, ಹೆಂಡತಿ ಅಮ್ಮಣಿಗೆ ಎದುರು ಮಾತಾಡುತ್ತಿರಲಿಲ್ಲ. ಅವನಿಗಿದ್ದ ರೋಗ ಒಂದೇ. ಯಾರು ಏನು ಹೇಳಿದರೂ ಬಾಯಿಗೆ ಮೊದಲು ಬರುತ್ತಿದ್ದದ್ದು "ಆಯ್ತು ಧಣಿ" ಎಂಬ ಮಾತು.

"ನಿಮ್ಮನ್ನು ಬಾವಿಗೆ ಹಾರು ಅಂದರೂ, ಆಯ್ತು, ಯಾವ ಬಾವಿ ಅಂತ ಕೇಳುವ ಜನ ನೀವು," ಎಂದು ಅಮ್ಮಣಿ ಆಗಾಗ ಹೇಳುತ್ತಿದ್ದಳು. ಅವನು ಅದಕ್ಕೂ "ಆಯ್ತು" ಎನ್ನುತ್ತಿದ್ದ.

ಊರಿನ ನೆತ್ತಿಯ ಮೇಲೆ ನೇರೋಳು ಪದವು. ಪದವು ಎಂದರೆ ನಮ್ಮ ಕಡೆ ಮರಗಿಡ ಕಡಿಮೆಯಿರುವ, ಕಾಲಿಟ್ಟಲ್ಲೆಲ್ಲ ಕೆಂಪು ಜಂಬಿಟ್ಟಿಗೆಯ ಮುರಕಲ್ಲು ಹಾಸಿದ ಎತ್ತರದ ಬಯಲು. ಮಳೆಗಾಲದಲ್ಲಿ ಹಸುರು, ಸುಗ್ಗಿ ಕಳೆದರೆ ಮನೆಯ ಮಾಡಿಗೆ ಹೊದೆಸುವ ಮುಳಿಹುಲ್ಲು ಒಣಗಿ ಇಡೀ ಪದವು ಹಳದಿ. ಗಾಳಿಗೆ ತಡೆ ಎಂಬುದಿಲ್ಲ. ಆ ಬಯಲಿನ ನಡುವೆ ಪಾಂಡವರ ಮನೆಗಳು. ಹೆಸರು ಕೇಳಿ ಅರಮನೆ ಅಂದುಕೊಳ್ಳಬೇಡಿ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದು, ಒಂದು ಬದಿಗೆ ತೆಂಗಿನಕಾಯಿ ತೂರುವಷ್ಟು ತೂತು, ಸುತ್ತ ಬಳಸಿ ನೆಟ್ಟ ಸೊಂಟದೆತ್ತರದ ಕಲ್ಲುಗಳು. ಅಂಥವು ಐದಾರು. ಭೀಮಸೇನ ಉಣ್ಣಲು ಕೂರುವ ಮೊದಲು ಕಟ್ಟಿ ಮುಗಿಸಿದ್ದಂತೆ. ಹುಲ್ಲಿಗೆ ಹೋದವರು ಅದರ ಹತ್ತಿರ ಹಾದರೆ ಕೈಗೆ ಸಿಕ್ಕಿದ ಒಂದು ಹಸಿರು ಚಿಗುರನ್ನು ಕಲ್ಲಿನ ಮೇಲಿಟ್ಟು ಮುಂದೆ ಹೋಗುತ್ತಾರೆ. ಯಾಕೆ ಎಂದು ಕೇಳಿದರೆ, ಅಜ್ಜಿ ಇಡುತ್ತಿದ್ದರು ಎನ್ನುತ್ತಾರೆ.

ಸಾವಿರದ ಒಂಬೈನೂರ ಐವತ್ತಾರರ ಮಾರ್ಚಿನಲ್ಲಿ ಸರ್ವೆ ಬರುವ ಸುದ್ದಿಯಾಯಿತು. ಪದವು ಇಳಿದು ಗದ್ದೆ ಸುರುವಾಗುವಲ್ಲಿ ಮೇಲುಗಡೆ ಪಟೇಲರ ಜಾಗ, ಕೆಳಗಡೆ ತುಕ್ರಪ್ಪನ ಜಾಗ. ತುಕ್ರಪ್ಪನೆಂದರೆ ಎರಡು ಗದ್ದೆ, ಒಂದು ದನದ ಹಟ್ಟಿ, ಹೆಂಡತಿ ಸೇಸಮ್ಮ, ಇಷ್ಟೇ ಇದ್ದ ಮನುಷ್ಯ. ಇನ್ನೊಂದಿತ್ತು: ಪದವಿನ ಬುಡದಲ್ಲಿ ಒಂದು ಒರತೆ. ಬೇಸಗೆಯ ಕೊನೆಗೆ ಪಟೇಲರ ಬಾವಿಯೇ ತಳ ಕಂಡರೂ ಆ ಒರತೆಯಲ್ಲಿ ಮೊಣಕಾಲು ನೀರು. ಅದರ ನೀರಿನಲ್ಲಿ ಗಂಡ ಹೆಂಡತಿ ಸೌತೆ, ಬದನೆ, ಹರಿವೆ ಬೆಳೆಸಿ ವೇಣೂರಿನ ಸಂತೆಗೆ ಒಯ್ಯುತ್ತಿದ್ದರು. ಗಡಿ ಒರತೆಯಿಂದ ನಲವತ್ತು ಹೆಜ್ಜೆ ಮೇಲಕ್ಕೆ ಎಂದು ತುಕ್ರಪ್ಪನ ಅಪ್ಪ ತೋರಿಸಿಕೊಟ್ಟಿದ್ದ. ಆದರೆ ಅಲ್ಲಿನ ಹಳೆಯ ಗಡಿಕಲ್ಲು ಯಾವ ಕಾಲದಲ್ಲೋ ಮಣ್ಣು ಪಾಲಾಗಿತ್ತು.

ಪಟೇಲರು ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. "ಕುಶಾಲ, ಆ ಒರತೆಯ ಕೆಳಬದಿಗೆ ಒಂದು ಗಡಿಕಲ್ಲು ಉಂಟಲ್ಲ?"

"ಇಲ್ಲ ಧಣಿ."

"ಉಂಟು. ಸರ್ವೆಯವ ಬರುವಾಗ ಇರ್ತದೆ. ಹೊಸ ಕಲ್ಲು ಕಡಿಸಿದರೆ ಅವ ಮೂಸಿ ಹೇಳಿಯಾನು. ಹಳೆಯದು ಬೇಕು, ಪಾಚಿ ಹಿಡಿದದ್ದು. ಪಾಂಡವರಿಗೆ ಒಂದು ಕಲ್ಲು ಕಡಿಮೆಯಾದರೆ ಕುರುಕ್ಷೇತ್ರ ಸೋಲುವುದಿಲ್ಲ."

ಸುತ್ತ ಕೂತ ಇಬ್ಬರು ನಕ್ಕರು. ಕುಶಾಲಪ್ಪನೂ ನಕ್ಕ. ಆಮೇಲೆ ಬಾಯಿಯಿಂದ ಅದೇ ಬಂತು. "ಆಯ್ತು ಧಣಿ."

ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ಪಟೇಲರು ಹೆದರಿಸಿರಲಿಲ್ಲ. ಕೆಲಸ ತೆಗೆಯುತ್ತೇನೆ ಎನ್ನಲಿಲ್ಲ, ಏನೋ ಕೊಡುತ್ತೇನೆ ಎಂದೂ ಹೇಳಲಿಲ್ಲ. ಕುತ್ತಿಗೆಗೆ ಕತ್ತಿ ಹಿಡಿದಿದ್ದರೆ, ಪಾಪ, ಏನು ಮಾಡಿಯಾನು ಎನ್ನಬಹುದಿತ್ತು. ಹಾಗೇನೂ ಇಲ್ಲದ್ದಕ್ಕೇ ಮುಂದೆ ಎಷ್ಟು ತಿರುಗಿಸಿ ಹಾಕಿ ನೋಡಿದರೂ ಆ ದಿನದ ತಪ್ಪನ್ನು ಹೊರಿಸಲು ಅವನಿಗೆ ಇನ್ನೊಂದು ಹೆಗಲು ಸಿಕ್ಕಲಿಲ್ಲ.

ಮರುದಿನ ಮಟಮಟ ಮಧ್ಯಾಹ್ನ, ಪದವಿನಲ್ಲಿ ಕಾಗೆಯೂ ಇಲ್ಲದ ಹೊತ್ತಿನಲ್ಲಿ, ಗಾಡಿಯ ಮಮ್ಮುವನ್ನು ಕರೆದುಕೊಂಡು ಹೋದ. ಇಬ್ಬರೂ ಹಾರೆ ಹಾಕಿ ಒಂದು ಕಲ್ಲನ್ನು ಬುಡದಿಂದ ಎಬ್ಬಿಸಿ, ಹಗ್ಗ ಕಟ್ಟಿ, ಎತ್ತುಗಳಿಂದ ಎಳೆಸಿ, ಗಾಡಿಗೆ ಹೇರಿದರು. ಮಮ್ಮು ಬೆವರು ಒರೆಸಿಕೊಂಡು ಹೇಳಿದ, "ನೋಡಿ ಮಾರಾಯ್ರೆ, ನಾನು ಬಾಡಿಗೆಯವ. ಧರ್ಮರಾಯ ಬಂದು ಕೇಳಿದರೆ ನಿಮ್ಮ ಮನೆಯ ದಾರಿ ತೋರಿಸ್ತೇನೆ." ಕುಶಾಲಪ್ಪ ಅದಕ್ಕೂ ನಕ್ಕ. ಒರತೆಯ ಕೆಳಗೆ ಹೊಂಡ ತೋಡಿ ಕಲ್ಲನ್ನು ನೆಟ್ಟು, ಸುತ್ತ ಒಣಹುಲ್ಲು ಹರಡಿ, ಮೇಲೆ ಎರಡು ಹಿಡಿ ಧೂಳು ಹಾರಿಸಿದರು. ತುಕ್ರಪ್ಪ ಸೇಸಮ್ಮ ಆ ದಿನ ತರಕಾರಿ ಹೊತ್ತು ವೇಣೂರಿಗೆ ಹೋಗಿದ್ದರು.

ಮೂರನೆಯ ದಿನ ಸರ್ವೆಯರ್ ಬಂದ. ತುಕ್ರಪ್ಪ ಮೇಲೆ ಕೈ ತೋರಿಸಿ, "ಗಡಿ ಅಲ್ಲಿ ಸ್ವಾಮಿ, ಅಪ್ಪ ಹೇಳಿದ್ದಾರೆ," ಎಂದ.

"ಅಪ್ಪ ಹೇಳಿದ್ದಕ್ಕೆ ನಂಬರು ಉಂಟಾ?" ಸರ್ವೆಯರ್ ನಗುತ್ತಾ ಕುಶಾಲಪ್ಪನ ಕಡೆಗೆ ತಿರುಗಿದ. "ಉಗ್ರಾಣಿ, ಕಲ್ಲು ಎಲ್ಲಿ?"

ಕುಶಾಲಪ್ಪ ಕೈ ಎತ್ತಿ ಒರತೆಯ ಕೆಳಗೆ ತೋರಿಸಿದ. ಸರ್ವೆಯರ್ ಕಲ್ಲಿನ ಪಾಚಿಯನ್ನು ಉಗುರಿನಿಂದ ಕೆರೆದು ನೋಡಿ, "ಹಳೆಯದೇ. ಕಲ್ಲು ಸುಳ್ಳು ಹೇಳ್ತದಾ?" ಎಂದು ಬರೆದುಕೊಂಡ. ತುಕ್ರಪ್ಪ ಕಲ್ಲಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಕುಶಾಲಪ್ಪನ ಮುಖ ನೋಡಿದ. ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ತಲೆಗೆ ಇಟ್ಟುಕೊಂಡು ಮನೆಗೆ ನಡೆದ.

ಕಲ್ಲಿಗೆ ಸುಣ್ಣ ಬಳಿದು ನಂಬರು ಬರೆದರು. ಪಟೇಲರ ಆಳುಗಳು ಒರತೆಯ ಸುತ್ತ ಬೇಲಿ ಹಾಕಿದರು. ಸೇಸಮ್ಮ ಕುಡಿಯುವ ನೀರಿಗೆ ಕೆಳಗೆ ಹರಿಯುವ ತೋಡಿನ ತನಕ ಹೋಗುವುದು ಸುರುವಾಯಿತು. ಬೇಸಗೆಯ ತರಕಾರಿ ನಿಂತಿತು. ಊರಿನಲ್ಲಿ ಕೆಲವರು, "ತುಕ್ರಪ್ಪನ ಅಪ್ಪ ಮೊದಲೇ ಪಟೇಲರ ಜಾಗಕ್ಕೆ ಕೈ ಹಾಕಿದ್ದ ಅಂತ ಕಾಣ್ತದೆ," ಎಂದೂ ಆಡಿಕೊಂಡರು. ಈ ಮಾತು ಕುಶಾಲಪ್ಪನ ಎದುರಿಗೇ ಚಾ ಅಂಗಡಿಯಲ್ಲಿ ಬಂತು. ಅವನು ಚಾ ಅರ್ಧ ಬಿಟ್ಟು ಎದ್ದು ಬಂದ.

ಆ ರೀತಿ ಎಂಟು ವರ್ಷ. ಮೊದಲ ಕೆಲವು ತಿಂಗಳು ನಾಳೆ ಹೋಗಿ ಹೇಳುತ್ತೇನೆ ಅಂದುಕೊಂಡ. ಹೇಳಿದರೆ ಕೆಲಸ ಹೋಗುತ್ತದೆ, ಮನೆ ಇರುವುದೂ ಪಟೇಲರ ಜಾಗದಲ್ಲಿ. ಮತ್ತೆ ಮಳೆಗಾಲ ಬಂತು, ಗದ್ದೆಗೆ ನೇಜಿ ನೆಡುವ ಕಾಲ. ಈಗ ಬೇಡ ಅಂದುಕೊಂಡ. ಹೀಗೆ ಮುಂದೆ ಹಾಕುವಾಗಲೇ ೧೯೬೦ರಲ್ಲಿ ತುಕ್ರಪ್ಪ ಜ್ವರ ಹಿಡಿದು ತೀರಿಕೊಂಡ. ಸುದ್ದಿ ಕೇಳಿದಾಗ ಕುಶಾಲಪ್ಪನಿಗೆ ಮೊದಲು ಏನು ಅನಿಸಿತು ಗೊತ್ತೇ? ಇನ್ನು ಆ ಮುಖ ನೋಡುವ ಗೋಜಿಲ್ಲ ಎಂದು. ಮರುಗಳಿಗೆಯಲ್ಲೇ ಹಾಗೆ ಅನಿಸಿದ್ದಕ್ಕೆ ತನ್ನನ್ನು ತಾನೇ ಉಗಿದುಕೊಂಡ. ಇಂಥವನೂ ಒಬ್ಬ ಮನುಷ್ಯನಾ ಎಂದು ಅತ್ತ. ಆದರೂ ಸಾವಿನ ಮನೆಗೆ ಹೋಗಲಿಲ್ಲ. ಬೆಳ್ತಂಗಡಿಯಲ್ಲಿ ಕಚೇರಿ ಕೆಲಸ ಉಂಟು ಎಂದು ಬಸ್ಸು ಹತ್ತಿದ.

೧೯೬೪ರ ಜನವರಿಯಲ್ಲಿ ಮೈಸೂರಿನಿಂದ ಒಬ್ಬರು ಮೇಷ್ಟ್ರು ಬಂದರು. ಮೂಡುಬಿದಿರೆಯಲ್ಲಿ ಉಳಿದುಕೊಂಡು, ಹಳೆಯ ಕಲ್ಲುಗಳನ್ನು ಹುಡುಕಿ, ಅಳೆದು, ಚಿತ್ರ ಬರೆದುಕೊಳ್ಳುವ ಕೆಲಸ ಅವರದ್ದು. ಆಗ ಪಟೇಲಿಕೆ ಹೋಗಿತ್ತು, ಪಟೇಲರು ಹೋಗಿರಲಿಲ್ಲ. ಕುಶಾಲಪ್ಪನ ಕೆಲಸವೂ ಹೇಗೋ ಉಳಿದಿತ್ತು. ಪದವಿನ ದಾರಿ ತೋರಿಸಲು ಅವನಿಗೇ ಅಪ್ಪಣೆಯಾಯಿತು. ಬೇರೆ ಯಾರನ್ನಾದರೂ ಕಳಿಸಿ ಎಂದು ಹೇಳಲು ಹೋದ ಬಾಯಿ, ಅಭ್ಯಾಸ ನೋಡಿ, "ಆಯ್ತು" ಎಂದುಬಿಟ್ಟಿತು.

ಬೆಳಿಗ್ಗೆ ಎಂಟಕ್ಕೆ ವೇಣೂರಿನಲ್ಲಿ ಬಸ್ಸಿಳಿದ ಮೇಷ್ಟ್ರು ಸಣಕಲು ಆಳು, ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ. ಗುಡ್ಡ ಹತ್ತುವಾಗ ಏದುಸಿರು ಬಿಟ್ಟರೂ ಪದವಿನ ಮೇಲೆ ಬಂದದ್ದೇ ಸಣ್ಣ ಮಕ್ಕಳ ಹಾಗಾದರು. ಮುಳಿಹುಲ್ಲು ಸೊಂಟದವರೆಗೆ, ಗಾಳಿ ಬೀಸಿದರೆ ಸೊಯ್ಯೆಂದು ಬಾಗುತ್ತಿತ್ತು. ಮುರಕಲ್ಲು ಚಪ್ಪಲಿಯ ಅಡಿಯಲ್ಲಿ ಕಾದಿತ್ತು. ದೂರದಲ್ಲಿ ಕುದುರೆಮುಖದ ನೀಲಿ. ಟಿಟ್ಟಿಭ ಹಕ್ಕಿಯೊಂದು ತಲೆಯ ಮೇಲೆ ಕೂಗುತ್ತಾ ಜೊತೆಗೇ ಬಂತು. ಮೇಷ್ಟ್ರು ಒಂದೊಂದು ಪಾಂಡವರ ಮನೆಯ ಹತ್ತಿರವೂ ಮೊಣಕಾಲೂರಿ ಕೂತು ತೂತಿನೊಳಗೆ ಇಣುಕಿದರು, ಟೇಪು ಹಿಡಿದರು, ಬರೆದರು. ಟೇಪಿನ ಇನ್ನೊಂದು ತುದಿ ಕುಶಾಲಪ್ಪನ ಕೈಯಲ್ಲಿ. ತುದಿ ಹಿಡಿಯುವುದು ಅವನಿಗೆ ಹೊಸತಲ್ಲ. ಆದರೆ ಅವರು ಈಗ ನಾಲ್ಕನೆಯದ್ದರ ಹತ್ತಿರ ಬಂದಿದ್ದರು, ಅವನು ಕಲ್ಲು ಕಿತ್ತದ್ದು ಅಲ್ಲಿಂದಲೇ.

"ಹದಿನಾಲ್ಕು, ಹದಿನೈದು, ಹದಿನಾರು..." ಸುತ್ತಲಿನ ಕಲ್ಲು ಎಣಿಸುತ್ತಿದ್ದ ಮೇಷ್ಟ್ರು ನಿಂತರು. "ಇಲ್ಲಿ ಬನ್ರಿ. ಎಲ್ಲಾ ಕಲ್ಲೂ ಮೂರು ಮೂರು ಅಡಿಗಿದೆ. ಈ ಎರಡರ ನಡುವೆ ಮಾತ್ರ ಆರು ಅಡಿ ಯಾಕೆ?"

ಮೇಷ್ಟ್ರು ಕೂತು ಹುಲ್ಲು ಸರಿಸಿ, ಮಣ್ಣಿನೊಳಗೆ ಕೈ ತೂರಿಸಿದರು. ಮೊಣಕೈವರೆಗೆ ಹೋಯಿತು.

"ಹದಿನೇಳಿತ್ತು ಕಣ್ರಿ! ಒಂದನ್ನ ಯಾರೋ ಕಿತ್ತಿದ್ದಾರೆ. ತೀರಾ ಹಳೇದೂ ಅಲ್ಲ, ಹಾರೆ ಹಾಕಿದ ಗುರುತು ಇನ್ನೂ ಇದೆ ನೋಡಿ."

"ದನ ಮೇಯಿಸುವ ಮಕ್ಕಳು ಇರಬೇಕು ಸರ್."

"ಮಕ್ಕಳಾ? ಎತ್ತು, ಹಗ್ಗ, ಗಾಡಿ ಬೇಕು ಇದಕ್ಕೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕುಶಾಲಪ್ಪ ಸುಮ್ಮನಿದ್ದರೆ ಆಗಿತ್ತು. "ಮಮ್ಮುವಿನ ಗಾಡಿ ಈ ಕಡೆ ಬರುವುದೇ ಇಲ್ಲ ಸರ್," ಎಂದುಬಿಟ್ಟ. ಮೇಷ್ಟ್ರಿಗೆ ಮಮ್ಮು ಯಾರು ಎಂದು ಗೊತ್ತಿದ್ದರಲ್ಲವೇ? ಅವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಎದ್ದು ಕೈ ಕೊಡವಿದರು.

"ಪಾಪ, ಕಿತ್ತವರಿಗೂ ಗೊತ್ತಿರಲಿಕ್ಕಿಲ್ಲ. ಇದು ಮನೆ ಅಲ್ಲ, ಗೋರಿ. ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ಬದುಕಿದ್ದವರು ತಮ್ಮವರ ಮೂಳೆ ಮಡಕೆಯಲ್ಲಿ ತುಂಬಿ ಒಳಗಿಟ್ಟು, ಯಾರೂ ಮುಟ್ಟಬಾರದು ಅಂತ ಸುತ್ತ ಕಲ್ಲು ನಿಲ್ಲಿಸಿದ್ದಾರೆ."

ಕುಶಾಲಪ್ಪ ಆ ಹೊಂಡವನ್ನೇ ನೋಡಿದ. ಸತ್ತವರ ಕಾವಲಿನ ಕಲ್ಲನ್ನು ಕಿತ್ತು ಬದುಕಿದ್ದವನ ನೀರಿಗೆ ಅಡ್ಡ ನೆಟ್ಟಿದ್ದೇನಲ್ಲ, ದೇವರೇ! ತುಕ್ರಪ್ಪನ ಜ್ವರವೂ ಇದರಿಂದಲೇ ಬಂದಿತೇನೋ ಎಂದು ಒಂದು ಕ್ಷಣ ಅನಿಸಿತು. ಆ ಕ್ಷಣ ಬಾಯಿ ತೆರೆದಿದ್ದರೆ ಹೇಳಿಯೇ ಬಿಡುತ್ತಿದ್ದ. ಆದರೆ ಮೇಷ್ಟ್ರು ಅಷ್ಟರಲ್ಲಿ, "ಬಾಯಿ ಒಣಗಿತು, ಇಲ್ಲೆಲ್ಲಾದರೂ ನೀರು ಸಿಗುತ್ತಾ?" ಎಂದರು.

"ಪಟೇಲರಲ್ಲಿಗೆ ಹೋಗುವ ಸರ್. ಒಂದು ಮೈಲು ಅಷ್ಟೆ."

"ಮೈಲಾ? ಅಲ್ಲಿ ಕೆಳಗೆ ಹಸುರು ಕಾಣ್ತಿದೆಯಲ್ಲ, ನೀರಿರಬೇಕು," ಎಂದು ಮೇಷ್ಟ್ರು ಇಳಿದೇ ಬಿಟ್ಟರು. ಅದು ಒರತೆ. ಬೇರೆ ದಾರಿಯಿಲ್ಲದೆ ಕುಶಾಲಪ್ಪ ಹಿಂದೆ ಇಳಿದ. ಬೇಲಿ ಸರಿಸಿ ಮೇಷ್ಟ್ರು ಬೊಗಸೆಯಲ್ಲಿ ನೀರು ಕುಡಿದು, ಮುಖ ತೊಳೆದು, ಆಹಾ ಎಂದರು. ಅವನಿಗೂ ಬಾಯಾರಿತ್ತು, ಆದರೆ ಆ ನೀರನ್ನು ಅವನು ಮುಟ್ಟಲಿಲ್ಲ.

ಆ ಹೊತ್ತಿಗೆ ತಲೆಯ ಮೇಲೆ ಮುಳಿಹುಲ್ಲಿನ ದೊಡ್ಡ ಹೊರೆ ಹೊತ್ತುಕೊಂಡು ಸೇಸಮ್ಮ ಕಾಲುದಾರಿಯಲ್ಲಿ ಬಂದಳು. ಸುಣ್ಣ ಬಳಿದ ಗಡಿಕಲ್ಲಿನ ಹತ್ತಿರ ನಿಂತಳು. ಹೊರೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಪಕ್ಕದ ಪೊದೆಯ ಒಂದು ಚಿಗುರು ಮುರಿದು ಕಲ್ಲಿನ ಮೇಲಿಟ್ಟಳು. ಅಲ್ಲಿ ಮೊದಲೇ ನಿನ್ನೆ ಮೊನ್ನೆಯ ಬಾಡಿದ ಎಲೆಗಳಿದ್ದವು. ಮೇಲಿನ ಗೋರಿಗಳ ಮೇಲೂ ಅಂಥದೇ ಎಲೆಗಳನ್ನು ನೋಡಿ ಬರೆದುಕೊಂಡಿದ್ದ ಮೇಷ್ಟ್ರಿಗೆ ಆಶ್ಚರ್ಯವಾಯಿತು.

"ಅಮ್ಮಾ, ಇದು ಸರ್ಕಾರಿ ಗಡಿಕಲ್ಲಲ್ವೇ? ಇದರ ಮೇಲೆ ಏನು ಹಾಕಿದ್ರಿ?"

ಸೇಸಮ್ಮನಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. "ತಪ್ಪು," ಎಂದಳು.

ನಮ್ಮ ತುಳುವಿನಲ್ಲಿ ಸೊಪ್ಪಿಗೆ ತಪ್ಪು ಎನ್ನುತ್ತಾರೆ. ಹಟ್ಟಿಗೆ ಹಾಕುವ ಸೊಪ್ಪು, ಪಲ್ಯದ ಸೊಪ್ಪು, ಎಲ್ಲ ತಪ್ಪೇ. ಮಾಡಬಾರದ್ದು ಮಾಡಿದರೆ ಅದೂ ತಪ್ಪು. ಮಾತಿನ ಓಟದಲ್ಲಿ ಯಾವುದು ಯಾವುದೆಂದು ನಮಗೆ ಎಡವಟ್ಟಾಗುವುದಿಲ್ಲ. ಮೈಸೂರಿನವರಿಗೆ ಹೇಗೆ ಗೊತ್ತಾಗಬೇಕು?

"ತಪ್ಪಾ!" ಮೇಷ್ಟ್ರು ಚೀಲದಿಂದ ಪುಸ್ತಕ ತೆಗೆದೇ ಬಿಟ್ಟರು. "ಅಂದರೆ ಇಲ್ಲಿನ ಜನ ತಮ್ಮ ತಪ್ಪನ್ನ ತಂದು ಕಲ್ಲಿನ ಮೇಲೆ ಇಟ್ಟು ಹೋಗ್ತಾರೆ! ಇಂಥದ್ದು ನಾನು ಎಲ್ಲೂ ಕೇಳಿಲ್ಲ. ಯಾರ ತಪ್ಪು ಇದು, ಸ್ವಲ್ಪ ಕೇಳಿ ಹೇಳ್ರಿ ಇವರೇ."

ಕುಶಾಲಪ್ಪ ಎಂಟು ವರ್ಷದ ಮೇಲೆ ಮೊದಲ ಸಲ ಸೇಸಮ್ಮನ ಮುಖಕ್ಕೆ ಮುಖ ಕೊಟ್ಟ. "ಯಾರದ್ದು ಅಂತ ಕೇಳ್ತಾರೆ ಸೇಸಕ್ಕ," ಎಂದು ತುಳುವಿನಲ್ಲಿ ಹೇಳಿದ.

"ಯಾರದ್ದಾದರೇನು?" ಸೇಸಮ್ಮನೂ ತುಳುವಿನಲ್ಲೇ ಹೇಳಿದಳು, ಸ್ವರ ಏರಿಸದೆ. "ಈ ಕಲ್ಲು ತಾನಾಗಿ ನಡೆದುಕೊಂಡು ಬಂದದ್ದಲ್ಲವಲ್ಲ. ಇದರ ಜೊತೆಯವು ಮೇಲೆ ಉಂಟು, ಅವುಗಳಿಗೆ ದಿನಾ ಯಾರಾದರೂ ತಪ್ಪು ಇಡ್ತಾರೆ. ಒಂಟಿಯಾಗಿ ತಂದು ನಿಲ್ಲಿಸಿದ ಕಲ್ಲಿಗೂ ಒಂದು ಬೇಡವಾ ಕುಶಾಲಣ್ಣ?"

"ಏನಂದ್ರು?" ಮೇಷ್ಟ್ರು ಪೆನ್ಸಿಲು ಹಿಡಿದು ಕಾಯುತ್ತಿದ್ದರು.

ಸೊಪ್ಪು ಸರ್, ಬರೇ ಸೊಪ್ಪು, ಎಂದರೆ ಮುಗಿಯುತ್ತಿತ್ತು. ಹದಿನೆಂಟು ವರ್ಷ ಕಚೇರಿಯವರಿಗೂ ಊರಿನವರಿಗೂ ನಡುವೆ ನಿಂತು ಅವನು ಅದನ್ನೇ ಮಾಡಿದ್ದ: ಇವರು ಹೇಳಿದ್ದನ್ನು ಅವರಿಗೆ ಸಣ್ಣದು ಮಾಡಿ ಹೇಳುವುದು. ಆ ದಿನ ಆಗಲಿಲ್ಲ. ಅವಳಿಗೆ ಗೊತ್ತುಂಟು ಎಂಬುದು ಎದೆಗೆ ಒದೆ ಕೊಟ್ಟ ಹಾಗೆ ಬಿತ್ತು.

"ಸರ್, ಅವರು ಹಾಕಿದ್ದು ಸೊಪ್ಪು. ತುಳುವಿನಲ್ಲಿ ಸೊಪ್ಪಿಗೆ ತಪ್ಪು ಅಂತ ಹೇಳ್ತೇವೆ. ಮತ್ತೆ... ಆ ಹದಿನೇಳನೆಯ ಕಲ್ಲು ಇದೇ. ಇಲ್ಲಿ ತಂದು ನೆಟ್ಟವ ನಾನು. ಗಡಿ ಇದು ಅಂತ ಸರ್ವೆಗೆ ಸುಳ್ಳು ತೋರಿಸಿದವನೂ ನಾನು. ಈ ನೀರು ಇವರದ್ದು."

ಮೇಷ್ಟ್ರ ಪೆನ್ಸಿಲು ನಿಂತಿತು. ಕುಶಾಲಪ್ಪ ಸೇಸಮ್ಮನ ಕಡೆ ತಿರುಗಿದ. ಕನ್ನಡದಲ್ಲಿ ಹೇಳುವುದು ಸುಲಭವಿತ್ತು. ಕಚೇರಿಯ ಭಾಷೆ, ಯಾರದ್ದೋ ಸಂಗತಿ ಒಪ್ಪಿಸಿದ ಹಾಗೆ. ಅದನ್ನೇ ತುಳುವಿನಲ್ಲಿ ಹೇಳಲು ಹೋದರೆ ನಾಲಗೆ ಏಳಲಿಲ್ಲ. "ಸೇಸಕ್ಕ, ನಾನು..." ಎಂದವನು ಅಲ್ಲಿಗೇ ನಿಂತ. ಕಣ್ಣಲ್ಲಿ ನೀರು ಬಂತು.

ಸೇಸಮ್ಮ ಹೊರೆಯನ್ನು ತಲೆಯ ಮೇಲೆ ಸರಿಮಾಡಿಕೊಂಡಳು. "ಹುಲ್ಲು ಬಿಸಿಲಿಗೆ ಪುಡಿಯಾಗ್ತದೆ," ಎಂದು ಹೇಳಿ ಹೊರಟುಹೋದಳು.

ಮೇಷ್ಟ್ರು ಒಳ್ಳೆಯ ಮನುಷ್ಯ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗಡಿಕಲ್ಲಿನ ಬುಡ ಕೆದಕಿ ಅಳೆದರು. ಮೇಲಿನ ಹೊಂಡದ ಅಳತೆಗೆ ಸರಿಹೋಯಿತು. ಕಲ್ಲು ಯಾವ ಗುಂಪಿನದು, ಎಲ್ಲಿಂದ ಬಂದದ್ದು ಎಂದು ಕಾಗದದ ಮೇಲೆ ಚಿತ್ರಸಮೇತ ಬರೆದು ಸಹಿ ಹಾಕಿಕೊಟ್ಟರು. "ಇದನ್ನ ಹಿಡ್ಕೊಂಡು ಕಚೇರಿಗೆ ಹೋಗೋದು ಬಿಡೋದು ನಿಮಗೆ ಸೇರಿದ್ದು," ಎಂದರು.

ಮನೆಯಲ್ಲಿ ಅಮ್ಮ‌ಣಿಗೆ ಹೇಳಿದಾಗ ಅವಳು ಒಲೆಯ ಮುಂದಿನಿಂದ ಎದ್ದು ಬಂದಳು. "ಎಂಟು ವರ್ಷ ಬಿಟ್ಟು ಈಗ ಹರಿಶ್ಚಂದ್ರನಾ? ನಾಳೆ ಪಟೇಲರು ಎಬ್ಬಿಸಿದರೆ ಈ ಪಾತ್ರೆ ಪಡಗ ಹೊತ್ತುಕೊಂಡು ಎಲ್ಲಿಗೆ ಹೋಗುವುದು?" ಎಂದು ಕೂಗಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಲ್ಲಿ ಮುಖ ಒರೆಸಿ, "ನನಗೆ ಯಾಕೆ ಹೇಳಲಿಲ್ಲ ಆವಾಗಲೇ? ನಾನಾದರೂ ಹೋಗಿ ಹೇಳುತ್ತಿದ್ದೆ," ಎಂದಳು. ಬೆಳಿಗ್ಗೆ ಬೆಳ್ತಂಗಡಿಗೆ ಹೊರಟವನಿಗೆ ಅವಳೇ ಬುತ್ತಿ ಕಟ್ಟಿಕೊಟ್ಟಳು.

ಕಚೇರಿ ಎಂದರೆ ಕಚೇರಿ. ಹೇಳಿಕೆ ಬರೆಸಿದ ದಿನವೇ ಗುಮಾಸ್ತರು, "ಇಷ್ಟು ವರ್ಷ ಯಾಕೆ ಸುಮ್ಮನಿದ್ದದ್ದು ಅಂತ ಕಾರಣ ಬರೆಯಬೇಕು," ಎಂದರು. ಕುಶಾಲಪ್ಪ, "ಕಾರಣ ಇಲ್ಲ ಅಂತ ಬರೆಯಿರಿ," ಎಂದ. ಅವನ ಕೆಲಸ ಹೋಯಿತು. ಪಟೇಲರು ಮನೆಯಿಂದ ಎಬ್ಬಿಸಿದರು. ಗಂಡ ಹೆಂಡತಿ ವೇಣೂರಿನ ಹತ್ತಿರ ಸೋಗೆಯ ಒಂದು ಗುಡಿಸಲು ಹಾಕಿಕೊಂಡರು. ಅವನು ಮುರಕಲ್ಲು ಕಡಿಯುವ ಹೊಂಡದಲ್ಲಿ ಕಲ್ಲು ಹೊರುವ ಕೆಲಸಕ್ಕೆ ಸೇರಿದ. ವಿಚಾರಣೆ, ಮರು ಅಳತೆ, ತಕರಾರು, ಮತ್ತೆ ವಿಚಾರಣೆ. ಮಮ್ಮುವೂ ಬಂದು, ಗಾಡಿ ನನ್ನದೇ ಎಂದು ಸಾಕ್ಷಿ ಹೇಳಿ ಹೋದ. ಎರಡು ವರ್ಷ ಕಳೆದು, ೧೯೬೬ರ ಫೆಬ್ರವರಿಯಲ್ಲಿ ಆದೇಶವಾಯಿತು: ಗಡಿ ಒರತೆಯಿಂದ ನಲವತ್ತು ಹೆಜ್ಜೆ ಮೇಲೆ. ಕಲ್ಲನ್ನು ಮೊದಲಿದ್ದಲ್ಲಿಗೆ ಒಯ್ಯಬೇಕು.

ಆದೇಶದ ನಕಲನ್ನು ಸೇಸಮ್ಮನಿಗೆ ತಾನೇ ಮುಟ್ಟಿಸುತ್ತೇನೆ ಎಂದು ಕುಶಾಲಪ್ಪ ಕೇಳಿ ಪಡೆದುಕೊಂಡ. ಅವನ ಬದುಕಿನಲ್ಲಿ ಮುಟ್ಟಿಸಿದ ಕಾಗದಗಳಲ್ಲಿ ಅದೊಂದನ್ನೇ ಅವನು ಓಡುತ್ತಾ ಒಯ್ದದ್ದು. ಮನಸ್ಸು ಹತ್ತು ವರ್ಷದಲ್ಲಿ ಮೊದಲ ಸಲ ಹಗುರಾಗಿತ್ತು. ಕೆಲಸ ಹೋಯಿತು, ಮನೆ ಹೋಯಿತು, ಹೋಗಲಿ. ಇನ್ನು ಸೇಸಕ್ಕ "ಇರಲಿ ಬಿಡಿ" ಎಂದು ಒಂದು ಮಾತು ಹೇಳಿದರೆ ಸಾಕು, ನಾನು ಗೆದ್ದೆ ಎಂದುಕೊಂಡು ಹೋದ.

ಸೇಸಮ್ಮ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದಳು. ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿ, ಮಡಚಿ, ಗಂಡನ ಮುಟ್ಟಾಳೆ ನೇತುಹಾಕಿದ್ದ ಗೂಟದ ಸಂದಿನಲ್ಲಿ ಸಿಕ್ಕಿಸಿದಳು. ಆಮೇಲೆ ಕಂಬಕ್ಕೆ ಒರಗಿ ಕೂತಳು. ಅವನೇ ಸುರುಮಾಡಿದ.

"ಸೇಸಕ್ಕ, ನಿಮಗೆ ಯಾವಾಗ ಗೊತ್ತಾದದ್ದು?"

"ನನಗೆ ಅವರು ಹೇಳಿದ್ದು. ಅವರಿಗೆ ಸರ್ವೆಯ ದಿನವೇ ಗೊತ್ತಾಗಿತ್ತು. ಸಣ್ಣದಿರುವಾಗ ದನ ಮೇಯಿಸಿದ್ದು ಅದೇ ಪದವಿನಲ್ಲಿ, ಆ ಕಲ್ಲುಗಳ ಮೇಲೆ ಕೂತೇ ಗಂಜಿ ಉಂಡದ್ದು. ಗೊತ್ತಾಗದೆ ಇರ್ತದಾ?"

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?" ಕುಶಾಲಪ್ಪ ಕೇಳಿದ.

"ನಾನು ಜಗಳ ಮಾಡಿದೆ. ಈಗಲೇ ಹೋಗಿ ಬೀದಿಯಲ್ಲಿ ನಿಂತು ಹೇಳ್ತೇನೆ ಅಂತ ಹೊರಟೆ. ಅವರು ಬಿಡಲಿಲ್ಲ. ಕುಶಾಲ ಕೆಟ್ಟವನಲ್ಲ, ಪಟೇಲರ ಎದುರು ಬಾಯಿ ಬಾರದೆ ಮಾಡಿದ್ದು, ನಾಲ್ಕು ದಿನದಲ್ಲಿ ಅವನೇ ಬಂದು ಹೇಳ್ತಾನೆ ನೋಡು. ನಾವು ಮೊದಲು ಹೇಳಿ ಅವನ ಮರ್ಯಾದೆ ತೆಗೆಯುವುದು ಬೇಡ ಅಂದರು. ಸಂಜೆ ಸಂಜೆ ಜಗಲಿಯಲ್ಲಿ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ಇಡಿಸ್ತಿದ್ದರು. ಕುಶಾಲ ಬಂದರೆ ಕೊಡ್ಲಿಕ್ಕೆ ಅಂತ. ಜಾಗ ಹೋದ ಬೇಸರ ಅವರಿಗೆ ಅಷ್ಟಿರಲಿಲ್ಲ ಕುಶಾಲಣ್ಣ. ನೀವು ಬಂದಿದ್ದರೆ ಆ ನೀರು ಪಟೇಲರಿಗೇ ಇರಲಿ ಅಂತ ಬಿಡ್ತಿದ್ದರು ಆ ಮನುಷ್ಯ."

ಕುಶಾಲಪ್ಪ ತಲೆ ಎತ್ತಲಿಲ್ಲ. ಎಂಟು ವರ್ಷ ಅವನು ಹೆದರಿದ್ದು ಇವರಿಗೆ ಗೊತ್ತಾದರೆ ಏನು ಗತಿ ಎಂದು. ತನ್ನ ಮರ್ಯಾದೆಯನ್ನು ಈ ಜಗಲಿಯಲ್ಲಿ ಒಬ್ಬ ಕಾದುಕೊಂಡು ಕೂತಿದ್ದ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೇಳಬಾರದು ಎಂದು ಗೊತ್ತಿದ್ದೂ ಕೇಳಿದ. "ಕೊನೆಗೆ... ಹೋಗುವಾಗ ಏನಾದರೂ ಹೇಳಿದರಾ ನನ್ನ ಬಗ್ಗೆ?"

"ಕೇಳಿದರು. ಜ್ವರದಲ್ಲಿ ಕಣ್ಣು ತೆರೆದು, ಕುಶಾಲ ಬಂದನಾ ಅಂತ ಕೇಳಿದರು." ಸೇಸಮ್ಮ ಅಂಗಳದ ಕಡೆ ನೋಡುತ್ತಾ ಹೇಳಿದಳು. "ಬಂದಿದ್ದ, ಎಲ್ಲ ಹೇಳಿ ಅತ್ತು ಹೋದ, ನೀವು ನಿದ್ದೆಯಲ್ಲಿದ್ದಿರಿ ಅಂತ ನಾನು ಹೇಳಿದೆ. ನೋಡಿದೆಯಾ, ನಾನು ಹೇಳಿದ್ದೆ ಅಲ್ಲವಾ ಅಂತ ನಕ್ಕರು. ಹೆಚ್ಚು ಹೊತ್ತು ಉಳಿಯಲಿಲ್ಲ ಆಮೇಲೆ."

ಅವಳು ಅವನ ಕಡೆ ತಿರುಗಿದಳು.

"ಮದುವೆಯಾಗಿ ಇಪ್ಪತ್ತೆರಡು ವರ್ಷ ಕುಶಾಲಣ್ಣ, ಅವರ ಹತ್ತಿರ ನಾನು ಹೇಳಿದ ಒಂದೇ ಸುಳ್ಳು ಅದು. ನಿಮ್ಮದನ್ನು ನೀವು ಕಚೇರಿಯಲ್ಲಿ ಬರೆಸಿ ಬಂದಿರಿ. ನನ್ನದನ್ನು ನಾನು ಎಲ್ಲಿ ಬರೆಸುವುದು?"